ನೀರಿನ ಮುಂದಿನ ಸೈಕಲ್ಲು

ಭಾನುವಾರ ಬಂತೆಂದರೆ ಎಲ್ಲ ಊರಿನವರಿಗೂ ರಜೆ, ನನಗೆ ಮಾತ್ರ ನದಿ. ಬೆಳಗಾಗುತ್ತಿದ್ದ ಹಾಗೆ ಎದ್ದು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಅದೇ ಎಣ್ಣೆಯಲ್ಲಿ ನಾಲ್ಕು ಹನಿ ಸೈಕಲ್ಲಿನ ಚೈನಿಗೂ ಬಿಟ್ಟು, ಸೀರೆಯ ನೆರಿಗೆ ಎತ್ತಿ ಕಟ್ಟಿ ಮೇಲಿನ ಸೇತುವೆಗೆ ಹೋಗಬೇಕು. ಅಲ್ಲಿ ನೀರು ಬಂದು ನಿಂತಿರುತ್ತದೆ. ನಮ್ಮೂರಿನ ನದಿ ಒಂಟಿಯಾಗಿ ಊರೊಳಗೆ ಕಾಲಿಡುವುದಿಲ್ಲ. ಯಾರಾದರೂ ಬೆಲ್ಲು ಬಾರಿಸಿಕೊಂಡು ಮುಂದೆ ಹೋದರೆ ಹಿಂದಿನಿಂದ ಬರುತ್ತದೆ. ಹಾಗೆ ಕರೆದುಕೊಂಡು ಹೋಗಿ ಕೆಳಪೇಟೆಯ ಕೆರೆಗೆ ಮುಟ್ಟಿಸಿದರೆ ಆಮೇಲೆ ವಾರವಿಡೀ ತಾನೇ ಹರಿದುಕೊಂಡಿರುತ್ತದೆ. ಶನಿವಾರದ ಹೊತ್ತಿಗೆ ದಾರಿ ಮರೆತುಬಿಡುತ್ತದೆ. ಭಾನುವಾರ ಮತ್ತೆ ನಾವು, ಮತ್ತೆ ಸೈಕಲ್ಲು.

ಹೊರಗಿನಿಂದ ಬಂದವರು ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಎಂಥಾ ಪುಣ್ಯವಂತರಪ್ಪ ನೀವು, ಹೊಳೆ ದಂಡೆಯಲ್ಲಿ ಗುಂಪು ಕಟ್ಟಿಕೊಂಡು, ಹರಟೆ ಹೊಡೆಯುತ್ತ, ಆರಾಮಾಗಿ ಸೈಕಲ್ ತುಳಿಯುತ್ತೀರಲ್ಲ ಎನ್ನುತ್ತಾರೆ. ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ಆರಾಮಾಗಿ ತುಳಿಯದೆ ಏನು ಮಾಡುವುದು? ಸ್ವಲ್ಪ ಜೋರು ಹೋದರೆ ನೀರೂ ಓಡಿ ಬಂದು ಬಟ್ಟೆ ಒಗೆಯುವ ಮೆಟ್ಟಿಲು ಹತ್ತುತ್ತದೆ. ಒಂದು ಸಲ ನನ್ನ ಸೈಕಲ್ಲಿನ ಹಿಂದೆ ನಾಯಿ ಬಿದ್ದು ನಾನು ಗಾಬರಿಯಲ್ಲಿ ತುಳಿದದ್ದಕ್ಕೆ ಮದುವೆ ಚಪ್ಪರದ ಅಡುಗೆ ಒಲೆಯೆಲ್ಲ ನೆಂದು, ಬೀಗರು ಬರೀ ಬಾಳೆಹಣ್ಣು ತಿಂದು ಹೋದರು. ಮಾತು ನಿಲ್ಲಿಸುವ ಹಾಗೂ ಇಲ್ಲ. ಗುಂಪು ಸುಮ್ಮನಾದರೆ ನೀರು ಮಂಕಾಗಿ ಹಿಂದೆ ಬೀಳುತ್ತದೆ. ಹಾಗಾಗಿ ನಮ್ಮ ಗುಂಪಿನ ಗುರುಶಾಂತಪ್ಪ, ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಘಾಟಿಯಲ್ಲಿ ಬ್ರೇಕ್ ಫೇಲಾದ ಬಸ್ಸಿನ ಕಥೆಯನ್ನು ಪ್ರತಿ ಭಾನುವಾರ ಹೇಳುತ್ತಾರೆ. ನಾವು ಪ್ರತಿ ಭಾನುವಾರ ಅಯ್ಯೋ ಆಮೇಲೆ ಎನ್ನುತ್ತೇವೆ. ಆರಾಮಾಗಿರುವುದೇ ಕೆಲಸ ಅಂತಾದರೆ ಮನುಷ್ಯನಿಗೆ ಆರಾಮು ಎಲ್ಲಿಂದ ಬರಬೇಕು ಹೇಳಿ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಇದರ ಮೇಲೊಂದು ಕಟ್ಟಳೆಯಿದೆ. ಸೇತುವೆ ಬಿಟ್ಟ ಮೇಲೆ ಕೆರೆ ಮುಟ್ಟುವ ತನಕ ನಮ್ಮಲ್ಲಿ ಯಾರೂ ನೆಲಕ್ಕೆ ಕಾಲೂರಬಾರದು. ಕಾಲೂರಿದರೆ ನೀರು ನಿಲ್ಲುತ್ತದೆ, ನಿಂತ ನೀರು ಮತ್ತೆ ಏಳುವುದಿಲ್ಲ, ಊರು ಅಲ್ಲಿಗೆ ಮುಗಿಯಿತು. ಹೀಗಂತ ಎಲ್ಲರೂ ಹೇಳುತ್ತಾರೆ. ಹಾಗಾದದ್ದನ್ನು ನೋಡಿದವರು ಯಾರೂ ಇಲ್ಲ, ಯಾಕೆಂದರೆ ಕಾಲೂರಿದವರೇ ಇಲ್ಲ. ಜ್ವರ ಬಂದವರು ತುಳಿದಿದ್ದಾರೆ. ಬಸುರಿಯರು ತುಳಿದಿದ್ದಾರೆ. ಗುರುಶಾಂತಪ್ಪನವರು ಹಲ್ಲು ಕೀಳಿಸಿಕೊಂಡ ಮಾರನೆಯ ದಿನ ಬಾಯಿಗೆ ಹತ್ತಿ ತುರುಕಿಕೊಂಡೇ ಬಸ್ಸಿನ ಕಥೆ ಹೇಳಿದ್ದಾರೆ. ದಂಡೆಯ ಮನೆಯವರಿಗೂ ಇದು ರೂಢಿ. ಮಜ್ಜಿಗೆಯ ಲೋಟ ಹಿಡಿದು ನಮ್ಮ ಜೊತೆ ಹತ್ತು ಹೆಜ್ಜೆ ಓಡಿ ಬರುತ್ತಾರೆ, ಕುಡಿದ ಲೋಟವನ್ನು ಮುಂದಿನ ಮನೆಯವರು ಇಸಿದುಕೊಳ್ಳುತ್ತಾರೆ, ಸಂಜೆಗೆ ಲೋಟಗಳೆಲ್ಲ ಕೈಯಿಂದ ಕೈಗೆ ದಾಟಿ ಅವರವರ ಮನೆ ಸೇರುತ್ತವೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ ಇಲ್ಲಿ, ಸೈಕಲ್ ಮೇಲೆ ಕೂತೇ ಸೆರಗು ಸರಿಮಾಡಿಕೊಳ್ಳಲು ಬರುತ್ತದೆಯೇ ಎಂದು ಕೇಳುತ್ತಾರೆ.

ನನಗೆ ಮದುವೆಯಾಗಿ ಬಂದಾಗ ಸೈಕಲ್ಲೇ ಬರುತ್ತಿರಲಿಲ್ಲ. ಕಲಿಸಿದವರು ನಮ್ಮ ಯಜಮಾನರು, ಮರುಳಸಿದ್ದಪ್ಪ. ಹೊಳೆಯ ದಂಡೆಯಲ್ಲಿ ಹೊಂಗೆಮರದ ಕೆಳಗೆ ಅವರದೊಂದು ಟೀ ಅಂಗಡಿಯಿತ್ತು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಕ್ಯಾರಿಯರ್ ಹಿಡಿದುಕೊಂಡು ನನ್ನ ಹಿಂದೆ ಓಡುತ್ತಿದ್ದರು. ಯುಗಾದಿ ಕಳೆದ ಮೇಲಿನ ಶನಿವಾರ ಹೇಳದೆ ಕೈಬಿಟ್ಟರು. ನಾನು ಕಿರುಚುತ್ತ, ಬೆಲ್ಲು ಬಾರಿಸುತ್ತ ಸೇತುವೆಯವರೆಗೂ ಹೋಗಿ, ತಿರುಗಿಸಿಕೊಂಡು ಬಂದೆ. ನೋಡಿದರೆ ನೀರು ನನ್ನ ಹಿಂದೆ ಬಂದುಬಿಟ್ಟಿತ್ತು. ಆಗ ಮುಂದೆ ಹೋಗುತ್ತಿದ್ದ ಮುದುಕರಿಗೆ ಕಣ್ಣು ಮಂಜಾಗಿತ್ತು, ಊರಿನವರು ಚಿಂತೆಯಲ್ಲಿದ್ದರು. ಸಂಜೆಯೊಳಗೆ ಆ ಮುದುಕರ ಸೈಕಲ್ಲಿನ ಹಿತ್ತಾಳೆ ಬೆಲ್ಲು ಬಿಚ್ಚಿ ತಂದು ನನ್ನ ಹ್ಯಾಂಡಲಿಗೆ ಕೂರಿಸಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮಾರನೆಯ ಭಾನುವಾರದಿಂದ ನಾನೇ ಮುಂದೆ.

ಪ್ರತಿ ಭಾನುವಾರ ಅಂಗಡಿ ಹತ್ತಿರ ಬಂದಾಗ ಯಜಮಾನರು ಲೋಟ ಚಾಚಿಕೊಂಡು ನಿಂತಿರುತ್ತಿದ್ದರು. ನಾನು ಹೋಗುತ್ತಲೇ ತೆಗೆದುಕೊಂಡು ಎರಡು ಗುಟುಕು ಕುಡಿದು ಕೊಡಬೇಕು. ಅರ್ಧ ಸೀರೆಗೆ ಚೆಲ್ಲುತ್ತಿತ್ತು, ಇನ್ನರ್ಧ ನಾಲಿಗೆ ಸುಡುತ್ತಿತ್ತು. ಅವರದು ಪ್ರತಿ ವಾರ ಅದೇ ಮಾತು. ಸ್ವಲ್ಪ ಇಳಿಯೇ ಮಂಗಳಾ, ಕೂತ್ಕೊಂಡು ಕುಡಿ, ಅದು ಕಾಯುತ್ತೆ. ನನ್ನದೂ ಪ್ರತಿ ವಾರ ಅದೇ ಉತ್ತರ. ಕಾಯದೆ ಹೋದ್ರೆ ಊರಿಗೆಲ್ಲ ನೀವು ಕೊಡದಲ್ಲಿ ಹೊತ್ತು ಹಾಕ್ತೀರೇನ್ರೀ? ಗುಂಪಿನವರೆಲ್ಲ ನಗುತ್ತಿದ್ದರು. ನೀರೂ ಆ ನಗೆ ಕೇಳಿ ಸ್ವಲ್ಪ ಚುರುಕಾಗುತ್ತಿತ್ತು ಎಂದು ಗುರುಶಾಂತಪ್ಪನವರು ಹೇಳುತ್ತಿದ್ದರು. ನನಗೆ ಗೊತ್ತಿಲ್ಲ. ಮುಂದಿನ ಸೈಕಲ್ಲಿನವರು ತಿರುಗಿ ನೋಡುವ ಹಾಗಿಲ್ಲ.

ಯಜಮಾನರು ಹೋದ ಕಥೆ ಊರಿಗೆಲ್ಲ ಬಾಯಿಪಾಠ. ಆ ಭಾನುವಾರ ಲೋಟ ಚಾಚಿದ್ದರು, ಆದರೆ ನಿಂತಿರಲಿಲ್ಲ, ಬೆಂಚಿನ ಮೇಲೆ ಕೂತಿದ್ದರು. ಹಣೆಯೆಲ್ಲ ಬೆವರು. ಇಳಿಯೇ ಮಂಗಳಾ ಎಂದರು. ಮುಂದಿನ ಮಾತು ಬರಲಿಲ್ಲ. ಏನೋ ಸರಿಯಿಲ್ಲ ಎಂದು ಗೊತ್ತಾಯಿತು ನನಗೆ. ಯಾಕೆ ಗೊತ್ತಾಗುವುದಿಲ್ಲ, ಕಟ್ಟಿಕೊಂಡವಳಿಗೆ? ಹಿಂದೆ ಊರಿನ ನೀರು ಬರುತ್ತಿತ್ತು. ಲೋಟ ತೆಗೆದುಕೊಂಡೆ, ಕುಡಿಯಲಿಲ್ಲ, ಅವರನ್ನು ನೋಡಿಕೊಳ್ಳಿ ಎಂದು ಬದಿಯಲ್ಲಿದ್ದವರಿಗೆ ಹೇಳುತ್ತಲೇ ಮುಂದೆ ಹೋದೆ. ಕೆರೆ ಮುಟ್ಟಿಸಿ ವಾಪಸ್ ಬರುವಷ್ಟರಲ್ಲಿ ಅಂಗಡಿ ಮುಂದೆ ಜನ ಸೇರಿದ್ದರು. ತಿಥಿ ಮುಗಿದ ಮೇಲೆ ನಮ್ಮ ಸೈಕಲ್ ಸವಾರಿ ಸಂಘದವರು ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಗಂಡನ ಪ್ರಾಣ ಹೋಗುತ್ತಿದ್ದರೂ ಕಾಲೂರದ ಮಹಾತಾಯಿ ಎಂದು ಭಾಷಣ ಮಾಡಿದರು. ನಾನು ಶಾಲು ಮಡಿಸಿ ಟ್ರಂಕಿನಲ್ಲಿಟ್ಟೆ. ಇನ್ನೇನು ಮಾಡಬೇಕಿತ್ತು? ನಾನು ಇಳಿದಿದ್ದರೆ ನೀರು ಹೋಗುತ್ತಿತ್ತು, ನೀರು ಹೋಗಿದ್ದರೆ ಊರೇ ಹೋಗುತ್ತಿತ್ತು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ಈಗ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಎಡಗಾಲು ಪೆಡಲ್ ಒತ್ತಿದಾಗ ಒಳಗೆ ಕಟಕ್ ಅನ್ನುತ್ತದೆ, ಬಲಗಾಲು ಅದಕ್ಕೆ ಉತ್ತರ ಕೊಡುತ್ತದೆ. ಮೈ ಅಷ್ಟೇ ಸುಸ್ತಾಗಿದ್ದರೆ ಕಷಾಯ ಕುಡಿದು ಮಲಗಬಹುದಿತ್ತು. ಇದು ಬೇರೆ ಸುಸ್ತು. ಬೆಲ್ಲಿನ ಸದ್ದು ಕೇಳಿದರೆ ಸಾಕು, ಅಳು ಬರುತ್ತಿತ್ತು. ಬಿಟ್ಟುಬಿಡೋಣವೆಂದರೆ ಬೆಲ್ಲು ಕೈ ಬದಲಾಯಿಸಲು ವರ್ಷಕ್ಕೆ ಒಂದೇ ಭಾನುವಾರ ಇರುವುದು, ಯುಗಾದಿ ಕಳೆದ ಮೇಲಿನದು. ಆಗ ನೀರು ಕಡಿಮೆ, ಹೆಚ್ಚು ಕಡಿಮೆಯಾದರೂ ಅನಾಹುತವಿಲ್ಲ. ಹೊಸಬರು ಮುಂದೆ ಹೋಗಬೇಕು, ಹಳಬರು ಗುಂಪಿನ ಕೊನೆಯಲ್ಲಿ ಬರಬೇಕು. ನೀರು ಹೊಸಬರ ಹಿಂದೆ ಹೋದರೆ ಹಳಬರಿಗೆ ಬಿಡುಗಡೆ. ಹೋಗದಿದ್ದರೆ ಬೆಲ್ಲು ವಾಪಸ್, ಇನ್ನೊಂದು ವರ್ಷ. ಹೋದ ವರ್ಷ ಒಬ್ಬ ಮೇಷ್ಟ್ರು ಬಂದರು, ನೀರು ಅವರನ್ನು ಮೂಸಿಯೂ ನೋಡಲಿಲ್ಲ. ಅದರ ಹಿಂದಿನ ವರ್ಷ ಜಿಮ್ಮಿಗೆ ಹೋಗುವ ಒಬ್ಬ ಬಂದ, ಜೋರು ತುಳಿದು ನೀರನ್ನು ಗೂಡುಗಳಿಗೆ ನುಗ್ಗಿಸಿದ್ದಕ್ಕೆ ಊರಿನವರೇ ಬೆಲ್ಲು ವಾಪಸ್ ಕೊಡಿಸಿದರು, ಕೆಳಪೇಟೆಯ ಕೋಳಿಗಳು ಇನ್ನೂ ಅವನನ್ನು ಶಪಿಸುತ್ತಿರಬೇಕು. ಈ ವರ್ಷ ತಬಸ್ಸುಮ್. ನಮ್ಮ ಬೀದಿಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಹೆಂಗಸು, ಹೊಲಿಗೆ ಮೆಷಿನ್ ತುಳಿದು ತುಳಿದು ಕಾಲು ಹದವಾಗಿದೆ, ಅವಸರವೆಂಬುದು ಅವಳ ಜಾತಕದಲ್ಲೇ ಇಲ್ಲ. ಇವಳನ್ನೂ ಒಪ್ಪದಿದ್ದರೆ ನಾನು ಸೀಟಿನ ಮೇಲೇ ಸಾಯುವುದು ಎಂದು ನನಗೆ ಖಾತ್ರಿಯಾಗಿತ್ತು.

ಆ ಬೆಳಿಗ್ಗೆ ಸೇತುವೆಯ ಮೇಲೆ ಸಂಘದ ಕಾರ್ಯದರ್ಶಿ ಪದ್ಮನಾಭಯ್ಯನವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಬಂದಿದ್ದರು. ನನಗೆ ಇನ್ನೊಂದು ಶಾಲು ಹೊದಿಸಿದರು. ನಾನೇ ಸ್ಪ್ಯಾನರ್ ಹಿಡಿದು ನನ್ನ ಬೆಲ್ಲು ಬಿಚ್ಚಿ ತಬಸ್ಸುಮಳ ಹ್ಯಾಂಡಲಿಗೆ ಕೂರಿಸಿದೆ. ಹೆದರಬೇಡ, ಅಳತೆ ತೆಗೆಯಲು ಬಂದ ಮಗು ಅಂದುಕೋ, ಮಾತಾಡಿಸುತ್ತ ಹೋಗು ಎಂದೆ. ಅವಳು ಹೊರಟು ಬೆಲ್ಲು ಬಾರಿಸಿದಳು. ನೀರು ಅಲ್ಲಾಡಲಿಲ್ಲ. ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಮೊಣಕಾಲುಗಳು ಅಳಲು ಶುರುಮಾಡಿದವು. ತಬಸ್ಸುಮ್ ಸುಮ್ಮನೆ, ತನ್ನ ಮೆಷಿನ್ನಿಗೆ ಎಣ್ಣೆ ಹಾಕುವಾಗ ಗೊಣಗುವ ದನಿಯಲ್ಲಿ ಏನೋ ಹೇಳುತ್ತ ಮತ್ತೊಮ್ಮೆ ಬಾರಿಸಿದಳು. ಕಲ್ಲುಗಳ ನಡುವಿನಿಂದ ನೀರು ಒಂದು ಎಳೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲಾ ಬಂತು.

ಗುಂಪಿನ ಕೊನೆಯಲ್ಲಿ ಹೋಗುತ್ತ ನಾನು ಮೊದಲ ಸಲ ಅದನ್ನು ಕಣ್ತುಂಬ ನೋಡಿದೆ. ಇಷ್ಟು ವರ್ಷ ಬೆನ್ನಿಗೆ ಸದ್ದು ಮಾತ್ರ ಕೇಳುತ್ತಿತ್ತು. ನೀರಿನ ತುದಿಗೆ ಒಣಗಿದೆಲೆ, ನೊರೆ, ಯಾರದೋ ಹರಿದ ಚಪ್ಪಲಿ, ಎಲ್ಲವನ್ನೂ ತಳ್ಳಿಕೊಂಡು ಸಂತೆಗೆ ಹೊರಟ ಮಗುವಿನ ಹಾಗೆ ಅದು ಆ ಕಡೆ ಈ ಕಡೆ ನೋಡುತ್ತ ತಬಸ್ಸುಮಳ ಹಿಂದೆ ಹೋಗುತ್ತಿತ್ತು. ನನಗೆ ಹಗುರವಾಯಿತು. ಒಳಗೆ ಒಂಚೂರು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಮುಂದೆ ಗುರುಶಾಂತಪ್ಪನವರ ಬಸ್ಸು ಘಾಟಿ ಇಳಿಯುತ್ತಿತ್ತು, ಎಲ್ಲರೂ ಅಯ್ಯೋ ಆಮೇಲೆ ಎನ್ನುತ್ತಿದ್ದರು. ನಾನು ಎನ್ನಲಿಲ್ಲ. ಇನ್ನು ಮುಂದೆ ನಾನು ಅನ್ನಬೇಕಾಗಿಲ್ಲ.

ಹೊಂಗೆಮರ ಹತ್ತಿರ ಬಂತು. ಯಜಮಾನರು ಹೋದಾಗಿನಿಂದ ಅಂಗಡಿಗೆ ಬೀಗ. ಹೊರಗಿನ ಬೆಂಚು ಮಾತ್ರ ಹಾಗೇ ಇದೆ. ಅಲ್ಲಿ ಬಂದಾಗ ಗುಂಪಿನವರೆಲ್ಲ ದನಿ ತಗ್ಗಿಸುತ್ತಾರೆ, ನಾನು ಸೀದಾ ಮುಂದೆ ನೋಡುತ್ತೇನೆ. ಅವತ್ತು ಮುಂದೆ ನೋಡಬೇಕೆಂಬ ಕಟ್ಟಳೆಯಿರಲಿಲ್ಲವಲ್ಲ, ಬೆಂಚಿನ ಕಡೆ ನೋಡಿದೆ. ನೋಡುತ್ತಿದ್ದ ಹಾಗೇ ಪೆಡಲ್ ಗರಗರ ಖಾಲಿ ತಿರುಗಿತು. ಚೈನು ಬಿದ್ದಿತ್ತು. ಸೈಕಲ್ಲು ಒಂದು ಮಾರು ತಾನೇ ಉರುಳಿ, ವಾಲಿ, ನಿಂತಿತು. ನನ್ನ ಎಡಗಾಲು ನೆಲಕ್ಕೆ ಬಂತು.

ನೀರು ನಿಂತಿತು. ಕಾಲೂರಿದ ಕ್ಷಣಕ್ಕೇ ನಿಂತಿತು. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿದ್ದವರ ಕೈ ಎತ್ತಿದಲ್ಲೇ ಉಳಿಯಿತು. ಗುಂಪಿನವರು ಹಿಂದಿರುಗಿ ಬಂದರು. ಬಂದವರು ಇಳಿಯುವ ಹಾಗಿಲ್ಲ, ಹಾಗಾಗಿ ನನ್ನ ಸುತ್ತ ಸೈಕಲ್ಲಿನಲ್ಲೇ ಸುತ್ತು ಹಾಕತೊಡಗಿದರು. ಪದ್ಮನಾಭಯ್ಯನವರು ಪ್ರತಿ ಸುತ್ತಿಗೆ ನನ್ನ ಮುಂದೆ ಹಾದುಹೋಗುವಾಗ ಒಂದೊಂದು ಮಾತು ಬೈದು ಹೋಗುತ್ತಿದ್ದರು. ಏನು ಮಾಡಿಬಿಟ್ಟಿರಿ ಎಂದು ಒಂದು ಸುತ್ತು, ಕೊನೇ ದಿನವಾದರೂ ತಡೆಯಬಾರದಿತ್ತೇ ಎಂದು ಇನ್ನೊಂದು ಸುತ್ತು. ತಬಸ್ಸುಮ್ ಅಳುತ್ತ ಸುತ್ತುತ್ತಿದ್ದಳು. ಹೆದರಬೇಕಿತ್ತು ನಾನು. ಹೆದರುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕು, ಅದು ನನ್ನಲ್ಲಿ ಉಳಿದಿರಲಿಲ್ಲ. ಸೈಕಲ್ಲನ್ನು ಮರಕ್ಕೆ ಒರಗಿಸಿ ಹೋಗಿ ಬೆಂಚಿನ ಮೇಲೆ ಕೂತೆ.

ಮೊದಲು ಸೋತವರು ಗುರುಶಾಂತಪ್ಪ. ತಲೆ ಸುತ್ತುತ್ತಿದೆ ಎಂದು ಕಾಲೂರಿದರು, ಬಂದು ನನ್ನ ಪಕ್ಕ ಉಸ್ಸಪ್ಪಾ ಎಂದು ಕೂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಆದದ್ದು ಆಗಿ ಹೋಯಿತಲ್ಲ ಎಂಬ ಮುಖ ಎಲ್ಲರದೂ. ಕೆಲವರು ನೆಲದ ಮೇಲೆ ಕಾಲು ಚಾಚಿದರು. ಗುರುಶಾಂತಪ್ಪನವರ ಹೆಂಡತಿ ಫ್ಲಾಸ್ಕಿನಲ್ಲಿ ಟೀ ಕಟ್ಟಿ ಕಳಿಸಿದ್ದರು, ಕೆರೆ ಮುಟ್ಟಿದ ಮೇಲೆ ಕುಡಿಯಲಿಕ್ಕೆ. ಅದನ್ನು ಬಗ್ಗಿಸಿ ಮೊದಲ ಲೋಟ ನನಗೆ ಕೊಟ್ಟರು. ನಾನು ಕುಡಿದೆ. ಎರಡೂ ಕೈಯಲ್ಲಿ ಲೋಟ ಹಿಡಿದು, ಆರಿಸಿಕೊಂಡು, ಒಂದು ಹನಿ ಚೆಲ್ಲದೆ ಕುಡಿದೆ. ಬಸ್ಸಿನ ಕಥೆಯನ್ನು ಯಾರೂ ಎತ್ತಲಿಲ್ಲ.

ಕುಡಿಯುತ್ತ ನೀರನ್ನು ನೋಡುತ್ತಿದ್ದೆ. ಸತ್ತ ನೀರು ಹೀಗಿರುವುದಿಲ್ಲ ಎಂದು ಮೊದಲು ಅನ್ನಿಸಿದ್ದು ಆಗ. ಅದು ದಂಡೆಗೆ ಆತುಕೊಂಡು, ತಳ್ಳಿಕೊಂಡು ಬಂದ ಚಪ್ಪಲಿಯನ್ನು ಮೆಲ್ಲಗೆ ಅಲ್ಲಾಡಿಸುತ್ತ ನಿಂತಿತ್ತು. ತಲೆಹೊರೆ ಇಳಿಸಿದವರು ಕಟ್ಟೆಗೆ ಒರಗಿ ನಿಲ್ಲುವುದಿಲ್ಲವೇ, ಹಾಗೆ. ನಾನು ಲೋಟ ಕೆಳಗಿಟ್ಟೆ.

ತಬಸ್ಸುಮ್ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಕ್ಕಾ, ಈಗ ನಾನೇನ್ ಮಾಡ್ಲಿ?"

"ಬೆಲ್ಲು ಬಾರ್ಸು" ಎಂದೆ. "ನಿಧಾನಕ್ಕೆ ಹೊರಡು, ನೋಡೋಣ."

ಹಾಗೆ ಹೇಳುವಾಗ ನನ್ನ ಮನಸ್ಸು ಏನು ಬೇಡಿಕೊಳ್ಳುತ್ತಿತ್ತು ಗೊತ್ತೇ? ನೀರು ಏಳದಿರಲಿ ಎಂದು. ದೇವರೇ, ಇದು ಹೀಗೇ ನಿಂತುಬಿಡಲಿ, ಊರು ಹಾಳಾಗಲಿ, ನಾನು ಅವತ್ತು ಇಳಿಯದೆ ಹೋದದ್ದು ಸರಿಯಾಗಲಿ ಎಂದು. ಊರಿನ ಅನ್ನ ತಿಂದವಳು ಹಾಗೆ ಬೇಡಬಾರದು. ನಾನು ಬೇಡಿಕೊಂಡೆ.

ತಬಸ್ಸುಮ್ ಸೈಕಲ್ ಹತ್ತಿ ಬೆಲ್ಲು ಬಾರಿಸಿದಳು. ಮೊದಲ ಸಲಕ್ಕೇ ನೀರು ಎದ್ದಿತು. ಚಪ್ಪಲಿಯನ್ನು ಮುಂದೆ ತಳ್ಳಿಕೊಂಡು, ನಿದ್ದೆ ಮಾಡಿ ಎದ್ದವರ ಹುಮ್ಮಸ್ಸಿನಲ್ಲಿ ಅವಳ ಹಿಂದೆ ಹೊರಟಿತು. ಒಗೆಯುವ ಕಲ್ಲಿನ ಕಡೆಯಿಂದ ಸಿಳ್ಳೆ ಕೇಳಿಸಿತು. ಎಲ್ಲರೂ ದಡಬಡ ಸೈಕಲ್ ಹತ್ತಿದರು. ಪದ್ಮನಾಭಯ್ಯನವರ ಮುಖದಲ್ಲಿ ಸಂತೋಷ ತಡೆಯಲಾಗುತ್ತಿರಲಿಲ್ಲ. ಒಂದು ಕಾಲು ಪೆಡಲ್ ಮೇಲಿಟ್ಟು, ಇನ್ನೊಂದು ಕಾಲನ್ನು ಧೈರ್ಯವಾಗಿ ನೆಲಕ್ಕೆ ಊರಿ ನನ್ನ ಕಡೆ ತಿರುಗಿದರು.

"ನೋಡಿದ್ರಾ ಮಂಗಳಮ್ಮ, ಕಾಯುತ್ತೆ ಇದು! ಇಷ್ಟು ವರ್ಷ ಸುಮ್ನೆ ಹೆದರಿ ಸತ್ವಲ್ಲ ನಾವು. ಇನ್ಮೇಲೆ ಇಲ್ಲೇ ಒಂದ್ ಟೀ..."

ಅಲ್ಲಿಗೆ ಅವರ ಕಣ್ಣು ಅಂಗಡಿಯ ಬೀಗದ ಮೇಲೆ ಬಿತ್ತು. ಬಾಯಿ ಹಾಗೇ ತೆರೆದುಕೊಂಡಿತ್ತು. ಸೀಟಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ಹೊರಟು ಹೋದರು. ಗುರುಶಾಂತಪ್ಪನವರು ಮಾತ್ರ ಸ್ವಲ್ಪ ಹೊತ್ತು ನಿಂತರು. ನನ್ನ ಜೊತೆ ಇರಲೇ ಎಂದು ಕೇಳಿದರು. ಬೇಡ, ನೀವು ಹೋಗಿ, ಮಾತಿಲ್ಲದಿದ್ದರೆ ಅದು ಹಿಂದೆ ಬೀಳುತ್ತದೆ ಎಂದೆ. ಫ್ಲಾಸ್ಕನ್ನು ಬೆಂಚಿನ ಮೇಲೆ ಬಿಟ್ಟು ಹೋದರು. ತಿರುವಿನಲ್ಲಿ ಬಸ್ಸಿನ ಕಥೆ ಮತ್ತೆ ಶುರುವಾದದ್ದು ಕೇಳಿಸಿತು.

ನಾನು ಕೂತೇ ಇದ್ದೆ. ಬಿಡುಗಡೆ ಸಿಕ್ಕಿತ್ತು, ವರ್ಷಗಳಿಂದ ಬೇಡಿದ್ದೇ ಸಿಕ್ಕಿತ್ತು. ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು ನಿಂತಿತ್ತು ನೀರು. ಇನ್ನೂ ಒಂದು ಲೋಟ ಕುಡಿದಿದ್ದರೂ ನಿಲ್ಲುತ್ತಿತ್ತೇನೋ. ಅವತ್ತು ಅಷ್ಟು ಹೊತ್ತು ಇಳಿದಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಬರುವ ಮೊದಲೇ ಹೋಗಿತ್ತು ಜೀವ. ಆದರೆ ತಲೆ ಇಡಲು ಒಂದು ತೊಡೆ ಇರುತ್ತಿತ್ತು. ಹಣೆಯ ಬೆವರು ಒರೆಸಲು ಒಂದು ಸೆರಗು ಇರುತ್ತಿತ್ತು. ಕಾಯುತ್ತೆ ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. ಬಾಯಿ ಬಿಟ್ಟು ಹೇಳುತ್ತಿದ್ದರು, ನಾನು ಪ್ರತಿ ವಾರ ನಗಿಸಿ ಹೋಗುತ್ತಿದ್ದೆ.

ಸೈಕಲ್ಲನ್ನು ಎಳೆದುಕೊಂಡು ಚೈನು ಕೂರಿಸಿದೆ. ಕೈಯೆಲ್ಲ ಕರಿ ಎಣ್ಣೆ ಮೆತ್ತಿಕೊಂಡಿತು. ಒರೆಸಿಕೊಳ್ಳಲು ಸುತ್ತ ಏನೂ ಕಾಣಲಿಲ್ಲ, ಹೆಗಲ ಮೇಲೆ ಬೆಳಗಿನ ಶಾಲು ಇತ್ತು. ಅದರಲ್ಲೇ ಒರೆಸಿದೆ. ಒಂದು ಸಲಕ್ಕೆ ಹೋಗಲಿಲ್ಲ, ಜರಿಯ ಅಂಚಿನಿಂದ ಉಗುರಿನ ಸಂದಿಯವರೆಗೂ ತಿಕ್ಕಿ ತಿಕ್ಕಿ ಒರೆಸಿದೆ. ಆಮೇಲೆ ಫ್ಲಾಸ್ಕಿನಿಂದ ಇನ್ನೊಂದು ಲೋಟ ಬಗ್ಗಿಸಿ ಬೆಂಚಿನ ಆ ತುದಿಯಲ್ಲಿ, ಅವರು ಕೂತಿದ್ದ ಕಡೆ ಇಟ್ಟೆ.

"ಇಳಿದೆ ಕಣ್ರೀ" ಎಂದೆ.

ನೀರು ತನ್ನ ಪಾಡಿಗೆ ತಾನು ಕೆಳಪೇಟೆಯ ಕಡೆ ಹರಿಯುತ್ತಿತ್ತು. ಟೀ ಆರುವ ತನಕ ಕೂತಿದ್ದು, ಸೈಕಲ್ ತಳ್ಳಿಕೊಂಡು ಮನೆಗೆ ನಡೆದೆ.